ಫೈನಲ್ ಇಯರ್ ಶುರುವಾಯ್ತು, ಮುಂದೇನು ಅಂತ ಗೊತ್ತಿಲ್ಲ. ಮೊದಲು ಯಾವುದಕ್ಕೆ ಕೈ ಹಾಕಲಿ?

ತುಂಗಭದ್ರೆ_ಇಸಿ
ಎಲ್ಲರಿಗೂ ನಮಸ್ಕಾರ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) 2022ರ ಪಠ್ಯಕ್ರಮದ ಸ್ಕೀಮ್, ಎಲೆಕ್ಟ್ರಾನಿಕ್ಸ್ ಬ್ರಾಂಚ್, ದಾವಣಗೆರೆ ಕಡೆಯ ಕಾಲೇಜು. 7ನೇ ಸೆಮ್ ಈಗಷ್ಟೇ ಶುರುವಾಗಿದೆ. ಸಿಜಿಪಿಎ 7.1. ನಾಲ್ಕನೇ ಸೆಮ್‌ನ ಕಂಟ್ರೋಲ್ ಸಿಸ್ಟಮ್ಸ್ ಒಂದು ಪಾಸಾಗದೆ ಬಾಕಿ ಇದೆ. ಕ್ಯಾಂಪಸ್ಸಿಗೆ ಬರೋ ಕಂಪನಿಗಳು ಕಡಿಮೆ. 4 ಲಕ್ಷ ಶಿಕ್ಷಣ ಸಾಲ ಇದೆ. ಗೇಟ್ (ಎಂಟೆಕ್ ಪ್ರವೇಶ ಪರೀಕ್ಷೆ) ಬರಿ ಅಂತ ಒಬ್ಬರು, ಸರ್ಕಾರಿ ಪರೀಕ್ಷೆಗೆ ಕೂರು ಅಂತ ಇನ್ನೊಬ್ಬರು, ಕೋಡಿಂಗ್ ಕಲಿ, ಜರ್ಮನಿಗೆ ಹೋಗು ಅಂತ ಮತ್ತಿಬ್ಬರು. ಯಾವುದು ಒಳ್ಳೇದು ಅಂತ ಕೇಳ್ತಿಲ್ಲ. ಈ ಒಂದು ವರ್ಷದಲ್ಲಿ ಯಾವುದನ್ನ ಯಾವಾಗ ಮಾಡಬೇಕು, ಯಾವುದನ್ನ ತಡ ಮಾಡಿದ್ರೆ ಕೈ ತಪ್ಪುತ್ತೆ, ಅದನ್ನ ತಿಳಿದವರು ಹೇಳಿ.

ಅಡಿಕೆತೋಟ
ಮೊದಲು ಬಾಕಿ ವಿಷಯ. ಉಳಿದದ್ದೆಲ್ಲ ಆಮೇಲೆ. ಗೇಟಿಗೆ ಅದು ಅಡ್ಡಿ ಆಗಲ್ಲ, ಆದ್ರೆ ಕಂಪನಿಗಳಿಗೆ ಆಗುತ್ತೆ. ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಚ್ಚಿನವು ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಕೇಳ್ತವೆ. ಪರೀಕ್ಷೆ ಬರೆಯುವಾಗ ಒಂದು ಬಾಕಿ ಇದ್ರೆ ಕೆಲವರು ಒಪ್ತಾರೆ, ಕೆಲಸಕ್ಕೆ ಸೇರೋ ದಿನ ಒಂದೂ ಇರಬಾರದು.

ಹುಬ್ಳಿಮಂದಿ
ಅಡಿಕೆತೋಟ ಅವರು ಹೇಳಿದ್ದು ಖರೇ ಐತಿ. ತಮ್ಮಾ, ಕಂಟ್ರೋಲ್ ಸಿಸ್ಟಮ್ಸ್ ಪಾಸಾಗೋದು ದೊಡ್ಡ ಮಾತಲ್ಲ. ಪ್ರಶ್ನೆಪತ್ರಿಕಿ ಹೆಂಗೈತಿ ನೋಡು. ಐದು ಮಾಡ್ಯೂಲ್, ಒಂದೊಂದ್ರಾಗ ಎರಡು ಪೂರ್ಣ ಪ್ರಶ್ನಿ, ಒಂದೊಂದು ಬರೀಬೇಕು, 20 ಅಂಕದ್ದು. 100ಕ್ಕ 35 ಬಂದ್ರ ಸೆಮ್ ಪರೀಕ್ಷಿ ಪಾಸ್. ಬ್ಲಾಕ್ ಡಯಾಗ್ರಾಂ ಸಣ್ಣದು ಮಾಡೋದು, ಸಿಗ್ನಲ್ ಫ್ಲೋ ಗ್ರಾಫಿಗೆ ಮೇಸನ್ ಸೂತ್ರ, ರೌತ್-ಹರ್ವಿಟ್ಜ್ ಕೋಷ್ಟಕ, ಎರಡನೇ ಆರ್ಡರ್ ಸಿಸ್ಟಮ್ಮಿನ ಟೈಮ್ ರೆಸ್ಪಾನ್ಸ್, ಈ ನಾಲ್ಕು ಕೈಯಾಗ ಕುಂತ್ರ ಪಾಸ್ ಆಗೇ ಆಗ್ತದ. ತಪ್ಪೋದು ಎಲ್ಲಿ ಅಂದ್ರ ಮೇಸನ್ ಸೂತ್ರದಾಗ ಒಂದಕ್ಕೊಂದು ತಾಗದಿರೋ ಲೂಪ್ ಎಣಿಸೋದ್ರಾಗ. ಲೂಪಿಗೆಲ್ಲ ಬ್ಯಾರೆ ಬ್ಯಾರೆ ಬಣ್ಣದ ಪೆನ್ನಿಲೆ ಗೆರಿ ಎಳದು ಅಭ್ಯಾಸ ಮಾಡು.

ತುಂಗಭದ್ರೆ_ಇಸಿ
ಧನ್ಯವಾದ ಅಣ್ಣ. ತಮ್ಮ ಅಲ್ಲ, ತಂಗಿ.

ಹುಬ್ಳಿಮಂದಿ
ತಪ್ಪಾತು ತಂಗಿ. ಹಂಗಾದ್ರ ಗೇಟ್ ಅರ್ಜಿ ಶುಲ್ಕ ನಿನಗ ಅರ್ಧನ. ಹೆಣ್ಮಕ್ಕಳಿಗೆ ರಿಯಾಯ್ತಿ ಐತಿ.

ಕಡಲ_ತಡಿ
ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ, ಸೆಪ್ಟೆಂಬರ್ ಕೊನೆಗೆ ಮುಚ್ಚುತ್ತದೆ, ಆಮೇಲೆ ಕೆಲವು ದಿನ ದಂಡ ಕಟ್ಟಿ ಹಾಕಲಿಕ್ಕೆ ಬಿಡ್ತಾರೆ. ಪರೀಕ್ಷೆ ಫೆಬ್ರವರಿ, ಫಲಿತಾಂಶ ಮಾರ್ಚ್. ಒಮ್ಮೆ ಬಂದ ಸ್ಕೋರು 3 ವರ್ಷ ನಡೆಯುತ್ತದೆ. ನೀವು ಮುಂದೆ ಎಂಟೆಕ್ ಮಾಡ್ತೀರೋ ಬಿಡ್ತೀರೋ, ಈ ವರ್ಷ ಬರೆದಿಡಿ ಮಾರಾಯ್ರೆ. ಕೆಲಸಕ್ಕೆ ಸೇರಿ ಒಂದೂವರೆ ವರ್ಷದ ಮೇಲೆ ಓದುವ ಮನಸ್ಸಾದರೂ ಅದೇ ಸ್ಕೋರು ಉಪಯೋಗಕ್ಕೆ ಬರ್ತದೆ.

ಲೆಕ್ಕ ಹೀಗೆ. 65 ಪ್ರಶ್ನೆ, 100 ಅಂಕ, 3 ಗಂಟೆ. ಜನರಲ್ ಆಪ್ಟಿಟ್ಯೂಡ್ 15, ಗಣಿತ 13, ಉಳಿದ 72 ನಿಮ್ಮ ವಿಷಯ. ನಾಲ್ಕು ಉತ್ತರದಲ್ಲಿ ಒಂದು ಆರಿಸುವ ಪ್ರಶ್ನೆಗೆ ಮಾತ್ರ ತಪ್ಪಿದರೆ ಅಂಕ ಕಡಿತ: 1 ಅಂಕದ್ದಕ್ಕೆ ಮೂರರಲ್ಲೊಂದು, 2 ಅಂಕದ್ದಕ್ಕೆ ಮೂರರಲ್ಲೆರಡು. ಸಂಖ್ಯೆ ಟೈಪ್ ಮಾಡುವುದಕ್ಕೂ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವುದಕ್ಕೂ ಕಡಿತ ಇಲ್ಲ, ಹಾಗಾಗಿ ಅವನ್ನು ಖಾಲಿ ಬಿಡಬೇಡಿ. ಸ್ವಂತ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಪರದೆ ಮೇಲಿನದ್ದನ್ನು ಮೌಸಿನಲ್ಲಿ ಒತ್ತಬೇಕು. ಮೊದಲ ದಿನದಿಂದಲೇ ಅದರಲ್ಲೇ ಲೆಕ್ಕ ಮಾಡಿ ಅಭ್ಯಾಸ ಮಾಡಿ, ಇಲ್ಲದಿದ್ದರೆ ಪರೀಕ್ಷೆಯಲ್ಲಿ 15 ನಿಮಿಷ ಅಲ್ಲಿಯೇ ಹೋಗ್ತದೆ.

ಹುಬ್ಳಿಮಂದಿ
ನನ್ನ ತಕರಾರು ಇಲ್ಲೈತಿ. ಪ್ಲೇಸ್‌ಮೆಂಟು, ಗೇಟು, ಸರ್ಕಾರಿ ನೌಕರಿ ಮೂರಕ್ಕೂ ಕೈ ಹಾಕಿದ್ರ ಎರಡು ದೋಣಿ ಮ್ಯಾಲೆ ಕಾಲಿಟ್ಟಂಗ. ಒಂದ ಹಿಡೀರಿ, ಗಟ್ಟಿ ಹಿಡೀರಿ.

ಕಡಲ_ತಡಿ
ಒಪ್ಪುವುದಿಲ್ಲ. ಓದುವುದು ಮೂರು ಬೇರೆ ಬೇರೆ ಅಂತ ಹೇಳಿದ್ದು ಯಾರು? ಆಪ್ಟಿಟ್ಯೂಡ್ ಮೂರಕ್ಕೂ ಬೇಕು. ನೆಟ್‌ವರ್ಕ್ಸ್, ಡಿಜಿಟಲ್ ಸರ್ಕ್ಯೂಟ್ಸ್, ಅನಲಾಗ್ ಗೇಟಿಗೂ ಬೇಕು, ಎಲೆಕ್ಟ್ರಾನಿಕ್ಸ್ ಕಂಪನಿಗಳ ಲಿಖಿತ ಪರೀಕ್ಷೆಗೂ ಬೇಕು. ಅವರ ಬಾಕಿ ಕಂಟ್ರೋಲ್ ಸಿಸ್ಟಮ್ಸ್ ಗೇಟಿನ ಸಿಲಬಸ್ಸಿನಲ್ಲೇ ಇದೆ. ಸೆಪ್ಟೆಂಬರಿನಿಂದ ಜನವರಿ ಕೊನೆವರೆಗೆ ಸುಮಾರು 21 ವಾರ. ವಾರಕ್ಕೆ 12 ಗಂಟೆ ಸಿಕ್ಕರೆ 250 ಗಂಟೆ ಆಯ್ತು. ಇಷ್ಟರಲ್ಲಿ ಪೂರ್ತಿ ಸಿಲಬಸ್ ಆಗುವುದಿಲ್ಲ. ನೆಟ್‌ವರ್ಕ್ಸ್, ಡಿಜಿಟಲ್, ಸಿಗ್ನಲ್ಸ್, ಕಂಟ್ರೋಲ್, ಆಪ್ಟಿಟ್ಯೂಡ್, ಗಣಿತ, ಇಷ್ಟನ್ನೇ ಚೆನ್ನಾಗಿ ಮಾಡಬೇಕು. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಕೊನೆಗೆ.

ಮೈಸೂರು_ಮಲ್ಲಿಗೆ
ಇಬ್ಬರದ್ದೂ ಅರ್ಧರ್ಧ ಸರಿ. ಹುಬ್ಳಿಮಂದಿ ಅಣ್ಣ ಹೇಳೋದು ಕೆಎಎಸ್, ಐಎಎಸ್ ತಯಾರಿಗೆ ಹೊಂದುತ್ತೆ, ಅದನ್ನ ಬೇರೆ ಯಾವುದರ ಜೊತೆಗೂ ಸೇರಿಸೋಕಾಗಲ್ಲ. ಗೇಟ್ ಮತ್ತು ಪ್ಲೇಸ್‌ಮೆಂಟ್ ಜೊತೆಗೇ ಹೋಗುತ್ತೆ.

ನನ್ನ ಸೇರ್ಪಡೆ 8ನೇ ಸೆಮ್ ಬಗ್ಗೆ. 2022ರ ಸ್ಕೀಮಲ್ಲಿ ಇಂಟರ್ನ್‌ಶಿಪ್ಪಿಗೇ 10 ಕ್ರೆಡಿಟ್ ಇದೆ. ಕಾಲೇಜುಗಳು 7 ಮತ್ತು 8ನೇ ಸೆಮ್ಮನ್ನ ಅದಲುಬದಲು ಮಾಡಿಕೊಳ್ಳೋಕೂ ಅವಕಾಶ ಇದೆ. ನಿಮ್ಮ ವಿಭಾಗದಲ್ಲಿ ಏನು ಮಾಡ್ತಿದ್ದಾರೆ ಅಂತ ಈ ವಾರವೇ ಕೇಳಿ. ಇಂಟರ್ನ್‌ಶಿಪ್ ಹುಡುಕೋ ಸಮಯ 8ನೇ ಸೆಮ್ ಅಲ್ಲ, ಈಗ. ಜನವರಿಯಲ್ಲಿ ಹುಡುಕೋಕೆ ಹೊರಟವರು ಕೊನೆಗೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರ್ತಾರೆ. ಆ ಕಾಗದವನ್ನ ಸಂದರ್ಶನದಲ್ಲಿ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ.

ಚಿತ್ರದುರ್ಗ_ಕೋಟೆ
ಎನ್‌ಪಿಟಿಇಎಲ್ (ಐಐಟಿಗಳ ಆನ್‌ಲೈನ್ ಪಾಠ) ಕೋರ್ಸು ತಗೊಳ್ಳೋರು ಗಮನಿಸಿ. ಕೋರ್ಸಿಗೆ ಹೆಸರು ಹಚ್ಚೋದು ಬೇರೆ, ಪರೀಕ್ಷೆಗೆ ಹೆಸರು ಹಚ್ಚೋದು ಬೇರೆ. ಮೊದಲನೇದು ಉಚಿತ, ಎರಡನೇದಕ್ಕೆ ದುಡ್ಡು ಕಟ್ಟಬೇಕು, ಅದರ ಕೊನೆ ದಿನವೂ ಬೇರೆ. 12 ವಾರದ ಕೋರ್ಸಲ್ಲಿ ಅಸೈನ್‌ಮೆಂಟ್ 25, ಪರೀಕ್ಷೆ 75. ಅಸೈನ್‌ಮೆಂಟಲ್ಲಿ 10, ಪರೀಕ್ಷೆಯಲ್ಲಿ 30, ಎರಡೂ ಬಂದರೇನೇ ಪಾಸ್. ಹನ್ನೆರಡರಲ್ಲಿ ಚೆನ್ನಾಗಿ ಬಂದ ಎಂಟು ಅಸೈನ್‌ಮೆಂಟ್ ಮಾತ್ರ ಎಣಿಸ್ತಾರೆ.

ಅಡಿಕೆತೋಟ
ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ (ಪಾಠದ ಹೊರಗಿನ ಸಮಾಜಸೇವೆಯಂಥ ಚಟುವಟಿಕೆಗೆ ಸಿಗೋದು) 100 ಆಗಿದೆಯಾ ನೋಡಿ. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಎಲ್ಲಾ ಪಾಸಾಗಿ ಇದೊಂದು ಉಳಿದ್ರೂ ಡಿಗ್ರಿ ಕೈಗೆ ಬರಲ್ಲ.

ತುಂಗಭದ್ರೆ_ಇಸಿ
60 ಆಗಿದೆ. ಇದು ಗೊತ್ತೇ ಇರಲಿಲ್ಲ ಅನ್ನೋವಷ್ಟು ಮರೆತಿದ್ದೆ. ಪ್ರಾಜೆಕ್ಟ್ ಬಗ್ಗೆನೂ ಕೇಳಬೇಕಿತ್ತು. ನಮ್ಮ ತಂಡದ ಮೂವರು ಬೆಂಗಳೂರಲ್ಲಿ ರೆಡಿ ಪ್ರಾಜೆಕ್ಟ್ ಕೊಳ್ಳೋಣ ಅಂತಿದ್ದಾರೆ. ಹೊಲಕ್ಕೆ ನೀರು ಬಿಡೋ ವ್ಯವಸ್ಥೆ: ಇಎಸ್‌ಪಿ32 (ವೈಫೈ ಇರೋ ಕಂಟ್ರೋಲರ್ ಬೋರ್ಡ್), ಮಣ್ಣಿನ ತೇವದ ಸೆನ್ಸರ್, ತೊಟ್ಟಿಯ ಮಟ್ಟ ನೋಡೋಕೆ ಅಲ್ಟ್ರಾಸಾನಿಕ್, ಮೆಸೇಜ್ ಕಳಿಸೋಕೆ ಜಿಎಸ್‌ಎಂ.

ಬೆಸುಗೆಕಡ್ಡಿ
ಕೊಳ್ಳಬೇಡಿ. ನೀತಿಯ ಮಾತು ಪಕ್ಕಕ್ಕಿಡಿ, ನಷ್ಟ ಎಲ್ಲಿ ಅಂತ ಹೇಳ್ತೀನಿ. ನೀವು ಬರೆದ ಈ ನಾಲ್ಕು ಭಾಗಗಳಲ್ಲೇ ನಾಲ್ಕು ಕಡೆ ಕೆಡುತ್ತೆ. ಅದನ್ನ ಸರಿ ಮಾಡಿದವರು ಸಂದರ್ಶನದಲ್ಲಿ ಹದಿನೈದು ನಿಮಿಷ ಮಾತಾಡ್ತಾರೆ. ಕೊಂಡವರ ಹತ್ತಿರ ಎರಡು ನಿಮಿಷಕ್ಕೆ ಮಾತು ಮುಗಿಯುತ್ತೆ.

ಒಂದು, ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ 5 ವೋಲ್ಟಿಂದು. ಅದರ ಎಕೋ ಪಿನ್ನಿಂದ ಬರೋದೂ 5 ವೋಲ್ಟೇ. ಇಎಸ್‌ಪಿ32 ಪಿನ್ನುಗಳು ತಡೆಯೋದು 3.3. ನೇರ ಕೊಟ್ರೆ ಇವತ್ತು ಕೆಲಸ ಮಾಡಿದ ಹಾಗೆ ಕಾಣುತ್ತೆ, ಒಂದು ದಿನ ಆ ಪಿನ್ ಸಾಯುತ್ತೆ. ಎಕೋ ಪಿನ್ನಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ, ಎರಡೂ ಸೇರೋ ಜಾಗದಿಂದ ತಂತಿ ಎಳೀರಿ. 3.33 ವೋಲ್ಟ್ ಬರುತ್ತೆ.

ಎರಡು, ಮಣ್ಣಿನ ಸೆನ್ಸರ್. ವೈಫೈ ಆನ್ ಆದ ಕೂಡಲೇ ರೀಡಿಂಗ್ ನಿಂತು ಹೋಗುತ್ತೆ ಅಂತ ಎಲ್ಲರೂ ಒದ್ದಾಡ್ತಾರೆ, ಸೆನ್ಸರ್ ಕೆಟ್ಟಿದೆ ಅಂತ ಇನ್ನೊಂದು ತರ್ತಾರೆ. ಸೆನ್ಸರ್ ಕೆಟ್ಟಿರಲ್ಲ. ಇಎಸ್‌ಪಿ32ರಲ್ಲಿ ಎರಡು ಎಡಿಸಿ (ಅನಲಾಗ್ ವೋಲ್ಟೇಜನ್ನ ಸಂಖ್ಯೆಗೆ ಬದಲಿಸೋ ಭಾಗ) ಇವೆ. ಎರಡನೇದನ್ನ ವೈಫೈ ತಾನೇ ಬಳಸುತ್ತೆ, ಆಗ ನಿಮಗೆ ಸಿಗಲ್ಲ. ಅನಲಾಗ್ ಸೆನ್ಸರನ್ನ ಯಾವಾಗಲೂ ಮೊದಲನೇ ಎಡಿಸಿಗೇ ಹಾಕಿ.

ಮೂರು, ಎಸ್‌ಐಎಂ800ಎಲ್ ಜಿಎಸ್‌ಎಂ ಮಾಡ್ಯೂಲ್. ಇದಕ್ಕೆ 3.4ರಿಂದ 4.4 ವೋಲ್ಟ್ ಬೇಕು. ಟವರಿಗೆ ಸಿಗ್ನಲ್ ಕಳಿಸೋ ಕ್ಷಣಕ್ಕೆ 2 ಆಂಪಿಯರ್ ತನಕ ಎಳೆಯುತ್ತೆ. ಬೋರ್ಡಿನ 3.3ರಿಂದ ಕೊಟ್ರೆ ಬೋರ್ಡೂ ಸೇರಿ ಪದೇ ಪದೇ ರೀಸೆಟ್ ಆಗುತ್ತೆ. ಎಲ್‌ಎಂ2596 ಬಕ್ ಕನ್ವರ್ಟರ್ ತಗೊಂಡು ಮಲ್ಟಿಮೀಟರ್ ಹಿಡಿದು ಸರಿಯಾಗಿ 4 ವೋಲ್ಟಿಗೆ ತಿರುಗಿಸಿ, ಆಮೇಲೆ ಮಾಡ್ಯೂಲ್ ಜೋಡಿಸಿ. ಮೊದಲು ಜೋಡಿಸಿ ಆಮೇಲೆ ತಿರುಗಿಸಿದ್ರೆ ಸುಟ್ಟು ಹೋಗುತ್ತೆ. ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಎಲ್ಲದರ ಗ್ರೌಂಡ್ ಒಂದೇ ಆಗಿರಬೇಕು.

ನಾಲ್ಕನೇದು ಸಿಮ್. ಅದು 2ಜಿ ಮಾಡ್ಯೂಲ್. ಜಿಯೋದಲ್ಲಿ 2ಜಿ ಇಲ್ಲ, ಹಾಗಾಗಿ ಆ ಸಿಮ್ ಹಾಕಿದ್ರೆ ನೆಟ್‌ವರ್ಕ್ ಸಿಗೋದೇ ಇಲ್ಲ.

ವೆರಿಲಾಗ್_ಓದು
ಅದ್ಭುತ ಉತ್ತರ. ಪ್ರಾಜೆಕ್ಟ್ ವರದಿಯಲ್ಲೂ ಇದನ್ನೇ ಬರೀರಿ: ಏನು ಕೆಟ್ಟಿತು, ಯಾವ ಅಳತೆ ತೆಗೆದು ಕಂಡುಹಿಡಿದ್ವಿ, ಏನು ಬದಲಿಸಿದ್ವಿ. ರೆಸ್ಯೂಮೆಯಲ್ಲಿ 'ಸ್ಮಾರ್ಟ್ ನೀರಾವರಿ ವ್ಯವಸ್ಥೆ' ಅಂತಷ್ಟೇ ಇದ್ರೆ ಯಾರೂ ನಿಲ್ಲಲ್ಲ. ಸಾವಿರಾರು ಜನ ಅದನ್ನೇ ಬರೆದಿರ್ತಾರೆ.

ರೆಸ್ಯೂಮೆ ಒಂದೇ ಪುಟ ಇರಲಿ. ಕೋಷ್ಟಕ, ಫೋಟೋ, ಎರಡು ಕಾಲಂ ಬೇಡ, ಮೊದಲು ಓದೋದು ಯಂತ್ರ. ಕೌಶಲದ ಪಟ್ಟಿಯಲ್ಲಿ ಸಿ, ಪೈಥಾನ್, ಜಾವಾ, ಮ್ಯಾಟ್‌ಲ್ಯಾಬ್ ಎಲ್ಲ ತುಂಬಬೇಡಿ. ಪ್ರಶ್ನೆ ಬರೋದು ಅಲ್ಲಿಂದಲೇ. ಸಿ ಅಂತ ಬರೆದ್ರೆ ಪಾಯಿಂಟರ್, ವೋಲಟೈಲ್ ಯಾಕೆ ಬೇಕು, ಬಿಟ್ ಸೆಟ್ ಮಾಡೋದು ಹೇಗೆ ಅಂತ ಕೇಳೇ ಕೇಳ್ತಾರೆ.

ಕೋಡ್_ಕಾಫಿ
ಇಸಿ ಆದ್ರೇನು, ಸಾಫ್ಟ್‌ವೇರಿಗೇ ಹೋಗಿ. ಕೆಲಸ ಇರೋದೇ ಅಲ್ಲಿ.

ವೆರಿಲಾಗ್_ಓದು
ಇಷ್ಟು ಸುಲಭವಾಗಿ ಹೇಳಿಬಿಡಬೇಡಿ. ಚಿಪ್ ವಿನ್ಯಾಸ, ಎಂಬೆಡೆಡ್ ಎರಡೂ ಬೆಂಗಳೂರಲ್ಲೇ ಇವೆ. ಹೊಸಬರನ್ನ ತಗೊಳ್ಳೋದು ಕಡಿಮೆ ಅನ್ನೋದು ನಿಜ. ಅದಕ್ಕೇ ವಿಎಲ್‌ಎಸ್‌ಐ ತರಬೇತಿ ಅಂತ ದೊಡ್ಡ ಮೊತ್ತ ಕೇಳೋ ಜಾಗಗಳು ಹುಟ್ಟಿಕೊಂಡಿವೆ. ದುಡ್ಡು ಕಟ್ಟೋ ಮೊದಲು ಎರಡು ತಿಂಗಳು ಮನೆಯಲ್ಲೇ ಮಾಡಿ ನೋಡಿ: ಇಕಾರಸ್ ವೆರಿಲಾಗ್, ಜಿಟಿಕೆವೇವ್, ಯೋಸಿಸ್, ಎಲ್ಲ ಉಚಿತ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಮೊದಲು ಒಂದೇ ಕ್ಲಾಕಿನ ಫೀಫೋ (ಮೊದಲು ಬಂದ ಡೇಟಾ ಮೊದಲು ಹೊರಹೋಗೋ ಸಾಲು) ಬರೀರಿ, ಜೊತೆಗೆ ಟೆಸ್ಟ್‌ಬೆಂಚ್. ಆಮೇಲೆ ಎರಡು ಬೇರೆ ಕ್ಲಾಕ್ ಇರೋ ಫೀಫೋ. ಅದರಲ್ಲಿ ಪಾಯಿಂಟರನ್ನ ಗ್ರೇ ಕೋಡಿಗೆ ಯಾಕೆ ಬದಲಿಸಬೇಕು ಅಂದ್ರೆ, ಬೈನರಿಯಲ್ಲಿ ಒಂದೇ ಹೆಜ್ಜೆಗೆ ನಾಲ್ಕೈದು ಬಿಟ್ ಒಟ್ಟಿಗೆ ಬದಲಾಗಬಹುದು, ಆಚೆ ಕ್ಲಾಕ್ ಮಧ್ಯದಲ್ಲಿ ಓದಿದ್ರೆ ಇಲ್ಲದ ಸಂಖ್ಯೆ ಸಿಗುತ್ತೆ. ಗ್ರೇಯಲ್ಲಿ ಬದಲಾಗೋದು ಒಂದೇ ಬಿಟ್. ಇದನ್ನ ಮಾಡುವಾಗ ಖುಷಿ ಆದ್ರೆ ಆ ದಾರಿ ನಿಮ್ಮದು. ಬೇಜಾರಾದ್ರೆ ತರಬೇತಿಗೆ ದುಡ್ಡು ಸುರಿಯೋದು ಉಳೀತು.

ದಾಖಲೆಪೆಟ್ಟಿಗೆ
ಯಾರೂ ಕಾಗದಪತ್ರದ ಮಾತೇ ಎತ್ತಿಲ್ಲ. ಅರ್ಹತೆ ಇದ್ದೂ ಅವಕಾಶ ತಪ್ಪೋದು ಹೆಚ್ಚಾಗಿ ಇಲ್ಲೇ.

ಹೆಸರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಆಧಾರಲ್ಲಿ ಅಪ್ಪನ ಹೆಸರು ಪೂರ್ತಿ, ಪ್ಯಾನಲ್ಲಿ ಊರಿನ ಹೆಸರು ಮುಂದೆ. ನಮ್ಮ ಕಡೆ ಮನೆಗೊಬ್ಬರಿಗೆ ಈ ತೊಂದರೆ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆಯೋ ಹಾಗೇ ಆಧಾರ್, ಪ್ಯಾನ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸೋದಕ್ಕಿಂತ ಇದು ಸುಲಭ.

ಜಾತಿ ಪ್ರಮಾಣಪತ್ರ: ರಾಜ್ಯದ 2ಎ, 3ಎ, 3ಬಿ ಪತ್ರ ಕೇಂದ್ರದ ಕೆಲಸಕ್ಕೂ ಗೇಟ್ ಸೀಟಿಗೂ ನಡೆಯಲ್ಲ. ಕೇಂದ್ರದ ನಮೂನೆಯ ಒಬಿಸಿ ಪತ್ರ ಬೇರೆ, ತಹಶೀಲ್ದಾರ್ ಕಚೇರಿಯಲ್ಲಿ ಮಾಡಿಸಬೇಕು. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇದ್ದೀರಿ ಅಂತಲ್ಲ, ಮೊದಲು ಅದನ್ನ ನೋಡಿಕೊಳ್ಳಿ. ಐಐಟಿ, ಎನ್‌ಐಟಿ ಎಂಟೆಕ್ ಪ್ರವೇಶಕ್ಕೆ ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರದ ಪತ್ರ ಕೇಳ್ತಾರೆ. ಈಗ ಮಾಡಿಸಿದ್ದನ್ನ ಏಪ್ರಿಲಲ್ಲಿ ಮತ್ತೆ ಮಾಡಿಸಬೇಕಾಗುತ್ತೆ.

ರಾಜ್ಯದ ನೇಮಕಾತಿಗೆ ಗ್ರಾಮೀಣ ಮೀಸಲಾತಿ ಶೇ 25, ಕನ್ನಡ ಮಾಧ್ಯಮ ಶೇ 5. ಎರಡಕ್ಕೂ 1ರಿಂದ 10ನೇ ತರಗತಿ ಓದಿದ ಶಾಲೆಯಿಂದ ಪತ್ರ ಬೇಕು, ಗ್ರಾಮೀಣದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜೂ ಬೇಕು. ಬೇರೆ ಬೇರೆ ಶಾಲೆಯಲ್ಲಿ ಓದಿದ್ರೆ ಪ್ರತಿ ಶಾಲೆಗೂ ಅಲೆದಾಟ. ಅಧಿಸೂಚನೆ ಬಂದ ಮೇಲೆ ಓಡಾಡಿದ್ರೆ ಮುಖ್ಯೋಪಾಧ್ಯಾಯರು ರಜೆಯಲ್ಲಿರ್ತಾರೆ, ಕೊನೆ ದಿನ ದಾಟಿರುತ್ತೆ. ದಸರಾ ರಜೆಗೂ ಮುಂಚೆ ಮುಗಿಸಿ.

ಬೀದರ್_ಬಿಸಿಲು
ಕಲ್ಯಾಣ ಕರ್ನಾಟಕದವ್ರು 371ಜೆ (ಸಂವಿಧಾನದ ಆ ವಿಧಿ ಪ್ರಕಾರ ಈ ಭಾಗದವ್ರಿಗೆ ಮೀಸಲಾತಿ) ಪ್ರಮಾಣಪತ್ರ ಮರೀಬ್ಯಾಡ್ರಿ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ಸ್ಥಳೀಯ ವೃಂದದಾಗ ಗ್ರೂಪ್ ಸಿ ಹುದ್ದಿಗೆ ಶೇ 80 ಇಲ್ಲಿನವರಿಗೇ. ದಾವಣಗೆರಿ ಇದರಾಗ ಬರಂಗಿಲ್ಲ. ಆದ್ರ ಹರಪನಹಳ್ಳಿ ತಾಲೂಕು ಈಗ ವಿಜಯನಗರ ಜಿಲ್ಲಾದಾಗ ಐತಿ, ಅವರಿಗೆ ಸಿಗತದ.

ತುಂಗಭದ್ರೆ_ಇಸಿ
ನಮ್ಮೂರು ಹರಿಹರದ ಹತ್ತಿರ. ಹಾಗಾದ್ರೆ ನನಗಿಲ್ಲ. ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ಬರುತ್ತೆ. ಡಿಗ್ರಿ ಮುಗಿಯೋ ಮೊದಲೇ ಯಾವ ಪರೀಕ್ಷೆ ಬರೀಬಹುದು?

ದಾಖಲೆಪೆಟ್ಟಿಗೆ
ಇದು ಎಲ್ಲರೂ ಎಡವೋ ಜಾಗ.

ಕೊನೇ ವರ್ಷದಲ್ಲೇ ಅರ್ಜಿ ಹಾಕಬಹುದಾದವು: ಗೇಟ್, ಯುಪಿಎಸ್‌ಸಿ ಎಂಜಿನಿಯರಿಂಗ್ ಸರ್ವೀಸಸ್ (ಎಲೆಕ್ಟ್ರಾನಿಕ್ಸ್ ಇದೆ), ಸಿವಿಲ್ ಸರ್ವೀಸಸ್ ಪ್ರಿಲಿಮ್ಸ್, ಸೇನಾ ಅಧಿಕಾರಿಗಳ ಪರೀಕ್ಷೆ ಸಿಡಿಎಸ್, ವಾಯುಪಡೆಯ ಎಎಫ್‌ಸಿಎಟಿ. ಸೇನೆಯ ಟೆಕ್ನಿಕಲ್ ಎಂಟ್ರಿಯಲ್ಲಿ ಹೆಣ್ಣುಮಕ್ಕಳಿಗೂ ಅವಕಾಶ ಇದೆ.

ಡಿಗ್ರಿ ಫಲಿತಾಂಶ ಕೈಯಲ್ಲಿರಲೇಬೇಕಾದವು: ಐಬಿಪಿಎಸ್ ಪಿಒ, ಕ್ಲರ್ಕ್, ಎಸ್‌ಎಸ್‌ಸಿ ಸಿಜಿಎಲ್. ಅಧಿಸೂಚನೆಯಲ್ಲಿ ಒಂದು ದಿನಾಂಕ ಕೊಟ್ಟಿರ್ತಾರೆ, ಅದರೊಳಗೆ ಫಲಿತಾಂಶ ಬಂದಿರಬೇಕು. ಎಫ್‌ಡಿಎ, ಪಿಡಿಒಗೂ ಡಿಗ್ರಿ ಬೇಕು.

ಪಿಯುಸಿ ಸಾಕು ಅನ್ನೋ ಹುದ್ದೆಗಳಿಗೆ ಈಗಲೇ ಬರೀಬಹುದು: ಎಸ್‌ಡಿಎ, ಗ್ರಾಮ ಆಡಳಿತ ಅಧಿಕಾರಿ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ನಡೆಸಿತ್ತು. ಇನ್ನೊಂದು ಮಾತು, ಎಸ್‌ಎಸ್‌ಸಿ ಜೂನಿಯರ್ ಎಂಜಿನಿಯರ್ ಪರೀಕ್ಷೆ ಇರೋದು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರಿಗೆ. ಎಲೆಕ್ಟ್ರಾನಿಕ್ಸ್‌ನವರು ರೈಲ್ವೆ ಜೆಇ ಕಡೆ ನೋಡಿ.

ಮೈಸೂರು_ಮಲ್ಲಿಗೆ
ಇಸ್ರೋ ವಿಜ್ಞಾನಿ/ಎಂಜಿನಿಯರ್ ಹುದ್ದೆಗೆ ಶೇ 65 ಅಥವಾ 10ಕ್ಕೆ 6.84 ಸಿಜಿಪಿಎ ಕೇಳ್ತಾರೆ. 7.1 ಇದೆ, ಬಿಟ್ಟುಕೊಡಬೇಡಿ. ಕೊನೆಯ ಎರಡು ಸೆಮ್ ಅಸಡ್ಡೆ ಮಾಡಿ ಕೆಳಗಿಳಿಸಿಕೊಳ್ಳೋರು ತುಂಬಾ ಜನ.

ಬಿಎಸ್ಸಿ_ಪಿಸಿಎಂ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಬಿಎಸ್ಸಿ ಕೊನೇ ವರ್ಷದವರಿಗೆ ಏನಾದ್ರೂ ಹೇಳಿ. ಬಿಎಡ್ ಬಿಟ್ಟು.

ಕಡಲ_ತಡಿ
ಐಐಟಿ ಜಾಮ್ (ಎಂಎಸ್ಸಿ ಪ್ರವೇಶ ಪರೀಕ್ಷೆ) ಬರೆಯಿರಿ. ಭೌತಶಾಸ್ತ್ರ, ರಸಾಯನ, ಗಣಿತ ಮೂರಕ್ಕೂ ಪತ್ರಿಕೆ ಉಂಟು. ಪರೀಕ್ಷೆ ಫೆಬ್ರವರಿ, ಅರ್ಜಿ ಸೆಪ್ಟೆಂಬರ್ ಆಸುಪಾಸು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಎಂಸಿಎಗೆ ಕೆಇಎ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸ್ತದೆ, ಗಣಿತ ಓದಿದವರಿಗೆ ಒಳ್ಳೆಯ ದಾರಿ. ಬಿಎಡ್ ಅನ್ನು ಯಾಕೆ ಬಿಡ್ತೀರಿ? ಗಣಿತ ಕಲಿಸುವವರು ಬೇಕಾಗಿದ್ದಾರೆ.

ರೈನ್_ದಂಡೆ
ಜರ್ಮನಿ ಅಂದ್ರಲ್ಲ, ಅದರ ಲೆಕ್ಕ. ಅಲ್ಲಿ 1 ಅತ್ಯುತ್ತಮ, 4 ಪಾಸ್. ನಿಮ್ಮ 7.1 ಅನ್ನು ಗರಿಷ್ಠ 10, ಕನಿಷ್ಠ 4 ಅಂತ ಹಿಡಿದು ಬದಲಿಸಿದ್ರೆ: 10ರಿಂದ 7.1 ಕಳೆದ್ರೆ 2.9, ಅದನ್ನ 6ರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 2.45 ಬರುತ್ತೆ. ಎಷ್ಟೋ ಸ್ನಾತಕೋತ್ತರ ಕೋರ್ಸುಗಳ ಮಿತಿ 2.5. ಅಂದ್ರೆ ಅಂಚಲ್ಲಿದ್ದೀರಿ, ಮುಂದಿನ ಎರಡು ಸೆಮ್ಮಿನ ಅಂಕ ಇಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತೆ.

2022ರ ನವೆಂಬರಿಂದ ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ (ಓದಿನ ದಾಖಲೆ ಅಸಲಿ ಅಂತ ಪರಿಶೀಲಿಸಿ ಕೊಡೋದು) ಕಡ್ಡಾಯ, ಶುಲ್ಕ 18,000 ರೂಪಾಯಿ, ಕೊನೇ ವರ್ಷದಲ್ಲೇ ಅರ್ಜಿ ಹಾಕಬಹುದು. ಬ್ಲಾಕ್ಡ್ ಅಕೌಂಟಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು (2024ರ ಸೆಪ್ಟೆಂಬರಿಂದ ಇರೋ ಮೊತ್ತ). ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆದ್ರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಹೊರಗಿನವರಿಂದ ತಗೊಳ್ತಿದೆ. ಪಾಸ್‌ಪೋರ್ಟ್ ಇಲ್ದಿದ್ರೆ ಈಗಲೇ ಅರ್ಜಿ ಹಾಕಿ, ಸಾಮಾನ್ಯ 36 ಪುಟದ್ದಕ್ಕೆ 1,500. ಪೊಲೀಸ್ ಪರಿಶೀಲನೆಗೆ ಬರುವಾಗ ನೀವು ಆ ವಿಳಾಸದಲ್ಲಿ ಇರಬೇಕು, ಹಾಸ್ಟೆಲಲ್ಲಿ ಇದ್ರೆ ತೊಂದರೆ.

ಹುಬ್ಳಿಮಂದಿ
ನಾಲ್ಕು ಲಕ್ಷ ಸಾಲ ಇದ್ದವರಿಗೆ ಇನ್ನೊಂದು ಹತ್ತು ಹನ್ನೆರಡು ಲಕ್ಷ ತೋರಿಸು ಅಂದ್ರ ಹೆಂಗ್ರಿ?

ರೈನ್_ದಂಡೆ
ಸರಿಯಾದ ಮಾತು. ಈ ವರ್ಷವೇ ಹೋಗಿ ಅಂತಿಲ್ಲ. ಎರಡು ವರ್ಷ ಕೆಲಸ ಮಾಡಿ ಹೋದ್ರೂ ಆಗುತ್ತೆ. ಆದ್ರೆ ಸಿಜಿಪಿಎ ಮಾತ್ರ ಈ ವರ್ಷವೇ ಬರೆದು ಮುಗಿಯುತ್ತೆ.

ಲೆಕ್ಕಪತ್ರ
ಸಾಲದ ವಿಷಯ. ಸಾಮಾನ್ಯ ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಏರ್ತಾ ಇರುತ್ತೆ. ಪೂರ್ತಿ 4 ಲಕ್ಷ ಎತ್ತಿದ್ದು ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ, ವರ್ಷಕ್ಕೆ 40,000, ತಿಂಗಳಿಗೆ ಸುಮಾರು 3,330. ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ರೆ ಈ ಅವಧಿಯ ಬಡ್ಡಿಗೆ ಕೇಂದ್ರದ ಸಹಾಯಧನ ಇದೆ. ತಾನಾಗಿ ಬರಲ್ಲ, ಆದಾಯ ಪತ್ರ ಕೊಟ್ಟು ಬ್ಯಾಂಕಲ್ಲಿ ನಮೂದಿಸಿರಬೇಕು. ಶಾಖೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಸಹಾಯಧನ ನನ್ನ ಖಾತೆಗೆ ಜಮಾ ಆಗಿದೆಯಾ, ಮೊದಲ ಕಂತಿನ ದಿನಾಂಕ ಯಾವುದು, ಎಂಟೆಕ್ ಸೇರಿದ್ರೆ ಆ ದಿನಾಂಕ ಮುಂದೆ ಹೋಗುತ್ತಾ. ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ಎಂಟೆಕ್ ಅಂದ್ರೆ ಇನ್ನೊಂದು ಲೆಕ್ಕ: ಗೇಟ್ ಪಾಸಾಗಿ ಸೇರಿದವರಿಗೆ ತಿಂಗಳಿಗೆ 12,400 ಸ್ಟೈಪೆಂಡ್. ಬರೀ ಪಿಜಿಸಿಇಟಿ ಬರೆದು ಸೇರಿದವರಿಗೆ ಅದು ಇಲ್ಲ.

ಕೋಡ್_ಕಾಫಿ
3.6 ಲಕ್ಷದ ಆಫರ್ ಬಂದ್ರೆ ತಿಂಗಳಿಗೆ 30 ಸಾವಿರ, ಸಾಲ ಆರಾಮಾಗಿ ತೀರುತ್ತಲ್ಲ?

ಲೆಕ್ಕಪತ್ರ
30 ಸಾವಿರ ಕೈಗೆ ಬರಲ್ಲ. ಕಂಪನಿ ಪಾಲಿನ ಪಿಎಫ್ 1,800, ಗ್ರಾಚುಟಿ ಸುಮಾರು 720 (ಮೂಲ ವೇತನ 15,000 ಇದ್ರೆ ಅದರ ಶೇ 4.81), ಇವೂ ಆ 30 ಸಾವಿರದೊಳಗೇ ಸೇರಿರ್ತವೆ. ಉಳಿದದ್ದು 27,480. ಅದರಿಂದ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ 25,480. ವೇರಿಯಬಲ್ ಪೇ, ವಿಮೆಯ ಕಂತು ಅಂತ ಸೇರಿಸಿದ್ರೆ ಇನ್ನೂ ಕಡಿಮೆ. ಬೆಂಗಳೂರಲ್ಲಿ ಪಿಜಿ, ಬಸ್ಸು, ಊಟ ಕಳೆದು ಕಂತಿಗೆ ಎಷ್ಟು ಉಳಿಯುತ್ತೆ ಅಂತ ಆಫರ್ ಒಪ್ಪೋ ಮೊದಲೇ ಬರೆದು ನೋಡಿ.

ಅಡಿಕೆತೋಟ
ಆಫರ್ ಲೆಟರ್, ಲೆಟರ್ ಆಫ್ ಇಂಟೆಂಟ್ ಎರಡೂ ಒಂದಲ್ಲ. ಎರಡನೇದರಲ್ಲಿ ಸೇರೋ ದಿನಾಂಕ ಇರಲ್ಲ, ತಿಂಗಳುಗಟ್ಟಲೆ ಕಾಯಿಸ್ತಾರೆ. ಅದು ಬಂತು ಅಂತ ಬೇರೆ ಅರ್ಜಿ ನಿಲ್ಲಿಸಬೇಡಿ. ಕೆಲಸ ಕೊಡ್ತೀವಿ ಠೇವಣಿ ಕಟ್ಟಿ ಅಂದವರು, ಮೂಲ ಅಂಕಪಟ್ಟಿ ನಮ್ಮಲ್ಲಿಡಿ ಅಂದವರು, ಇಬ್ಬರ ಸಹವಾಸವೂ ಬೇಡ. ಮೂಲ ತೋರಿಸಿ, ನಕಲು ಕೊಡಿ.

ಕೋಡ್_ಕಾಫಿ
ಬಾಂಡ್ (ಇಷ್ಟು ವರ್ಷ ಕೆಲಸ ಬಿಡಲ್ಲ ಅನ್ನೋ ಕರಾರು) ಕಾನೂನಲ್ಲಿ ನಿಲ್ಲಲ್ಲ, ಹೆದರದೆ ಸಹಿ ಹಾಕಿ.

ಲೆಕ್ಕಪತ್ರ
ಇದು ತಪ್ಪು ಮಾಹಿತಿ, ದಯವಿಟ್ಟು ಹರಡಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 3 ವರ್ಷದ ಕನಿಷ್ಠ ಸೇವೆ, ಮೊದಲೇ ಬಿಟ್ಟರೆ 2 ಲಕ್ಷ ಅನ್ನೋ ಷರತ್ತನ್ನ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ವಿಷಯ, ಎಲ್ಲ ಖಾಸಗಿ ಬಾಂಡಿಗೂ ಹಾಗೇ ಅನ್ವಯ ಆಗುತ್ತೆ ಅಂತಲ್ಲ. ಆದ್ರೆ ಬಾಂಡ್ ಅಂದ್ರೆ ಬರೀ ಕಾಗದ ಅಂತ ನಂಬಿ ಸಹಿ ಹಾಕೋದು ಅಪಾಯ. ಮೊತ್ತ ಎಷ್ಟು, ಎಷ್ಟು ತಿಂಗಳು, ಅರ್ಧ ಅವಧಿ ಮುಗಿಸಿದ್ರೆ ಮೊತ್ತ ಇಳಿಯುತ್ತಾ, ಕಂಪನಿಯೇ ತೆಗೆದುಹಾಕಿದ್ರೆ ಏನು, ಈ ನಾಲ್ಕನ್ನ ಓದಿ.

ಬೆಸುಗೆಕಡ್ಡಿ
ಕೆಲಸ ತಕ್ಷಣ ಸಿಗದಿದ್ರೆ ಅಪ್ರೆಂಟಿಸ್ ಅನ್ನೋ ದಾರಿ ಒಂದಿದೆ, ನಮ್ಮವರು ಕೀಳಾಗಿ ನೋಡ್ತಾರೆ. ನ್ಯಾಟ್ಸ್ (ಕೇಂದ್ರದ ಅಪ್ರೆಂಟಿಸ್ ಯೋಜನೆ) ಪೋರ್ಟಲಲ್ಲಿ ನೋಂದಾಯಿಸಿಕೊಂಡ್ರೆ ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಇಸ್ರೋ ಕೇಂದ್ರಗಳ ಪದವೀಧರ ಅಪ್ರೆಂಟಿಸ್ ಕರೆಗಳಿಗೆ ಅರ್ಜಿ ಹಾಕಬಹುದು. ಒಂದು ವರ್ಷ. ಕೆಲಸ ಖಾಯಂ ಆಗಲ್ಲ, ಅದು ಮೊದಲೇ ಗೊತ್ತಿರಲಿ. ಆದ್ರೆ ಸರಿಯಾದ ಬೆಂಚು, ಸರಿಯಾದ ಉಪಕರಣ ಮುಟ್ಟೋಕೆ ಸಿಗುತ್ತೆ. ಬೇರೆಡೆ ಒಂದು ವರ್ಷ ಕೆಲಸ ಮಾಡಿದ ಮೇಲೆ ಇದಕ್ಕೆ ಅರ್ಹತೆ ಹೋಗುತ್ತೆ.

ಚಿತ್ರದುರ್ಗ_ಕೋಟೆ
ಯುವನಿಧಿನೂ ಗೊತ್ತಿರಲಿ. ಪಾಸಾಗಿ 180 ದಿನ ಕೆಲಸ ಸಿಗದಿದ್ರೆ ಪದವೀಧರರಿಗೆ ತಿಂಗಳಿಗೆ 3,000, ಹೆಚ್ಚೆಂದ್ರೆ 2 ವರ್ಷ. ಮುಂದೆ ಓದೋಕೆ ಸೇರಿದವರಿಗೆ ಇಲ್ಲ. ಯಾವ ವರ್ಷ ಪಾಸಾದವರಿಗೆ ಅಂತ ಸರ್ಕಾರ ಆಗಾಗ ಆದೇಶ ಹೊರಡಿಸುತ್ತೆ, ಸೇವಾಸಿಂಧುವಲ್ಲಿ ನೋಡ್ತಿರಿ.

ಮೈಸೂರು_ಮಲ್ಲಿಗೆ
ತಂಗಿ, ಒಂದು ವಾರಕ್ಕೆ ಇಷ್ಟೆಲ್ಲ ಓದಿ ತಲೆ ಭಾರ ಆಗಬಾರದು. ಕ್ಯಾಲೆಂಡರಲ್ಲಿ ಈಗ ನಾಲ್ಕೇ ಗುರುತು ಹಾಕಿ: ಗೇಟ್ ಅರ್ಜಿ, ಬಾಕಿ ವಿಷಯದ ಪರೀಕ್ಷೆ ನೋಂದಣಿ, ಶಾಲೆಯ ಪ್ರಮಾಣಪತ್ರ, ಇಂಟರ್ನ್‌ಶಿಪ್ ವಿಚಾರಿಸೋದು. ರಾತ್ರಿ ನಿದ್ದೆ ಬರದಷ್ಟು ಚಿಂತೆ ಆದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಲ್ಲಾದ್ರೂ. ಇದನ್ನ ಓದ್ತಿರೋ ಬೇರೆಯವರಿಗೂ ಹೇಳ್ತಿದ್ದೀನಿ.

ತುಂಗಭದ್ರೆ_ಇಸಿ
ಅಕ್ಕ, ಅಣ್ಣಂದಿರೇ, ಎಲ್ಲ ಬರೆದಿಟ್ಟುಕೊಂಡೆ. ಗೇಟ್ ಅರ್ಜಿ, ಶಾಲೆಯ ಪತ್ರ ಈ ಶನಿವಾರ. ಬ್ಯಾಂಕಿಗೆ ಸೋಮವಾರ. ತಂಡದವರಿಗೆ ಬೆಸುಗೆಕಡ್ಡಿ ಅಣ್ಣನ ಉತ್ತರ ಓದಿಸಿದೆ, ಇಬ್ಬರು ನಾವೇ ಮಾಡೋಣ ಅಂದ್ರು, ಮೂರನೆಯವಳು ಇನ್ನೂ ಒಪ್ಪಿಲ್ಲ. ಮಣ್ಣಿನ ಸೆನ್ಸರಿಗೆ ಯಾವ ಪಿನ್ ಅಂತ ಕೇಳ್ತಿದ್ದಾಳೆ.

ಬೆಸುಗೆಕಡ್ಡಿ
32ರಿಂದ 39ರ ತನಕ ಮೊದಲನೇ ಎಡಿಸಿ. ಅದರಲ್ಲಿ 34, 35, 36, 39 ಬರೀ ಇನ್‌ಪುಟ್, ಅಲ್ಲಿ ರಿಲೇ ಹಾಕಿದ್ರೆ ಓಡಲ್ಲ. ಸೆನ್ಸರನ್ನ 34ಕ್ಕೆ ಹಾಕಿ, ಪಂಪಿನ ರಿಲೇಯನ್ನ 26ಕ್ಕೆ. ಸೆನ್ಸರ್ ಕೆಪಾಸಿಟಿವ್ ಇರೋದೇ ತರಲಿ, ಎರಡು ಕಾಲಿನ ಲೋಹದ್ದು ಮಣ್ಣಲ್ಲಿ ಕೆಲವೇ ವಾರಕ್ಕೆ ತಿಂದು ಹೋಗುತ್ತೆ. ಒಣ ಮಣ್ಣಲ್ಲಿ ಒಮ್ಮೆ, ನೀರು ಹಾಕಿದ ಮಣ್ಣಲ್ಲಿ ಒಮ್ಮೆ ರೀಡಿಂಗ್ ತೆಗೆದು ಇಲ್ಲಿ ಹಾಕಿ, ಮುಂದಿನದು ನೋಡೋಣ.